ಮೂಗಿಗೆ ಎಷ್ಟು ಸೀಸ? ಒಂದು ಸಾಪ್‌ವಿತ್ ಕ್ಯಾಮಲ್ ಕಿಟ್‌ನ ಪ್ರಕರಣ

ಮೊದಲ ಮಹಾಯುದ್ಧದ ಜೋಡಿ ರೆಕ್ಕೆಯ ವಿಮಾನವೊಂದರ, ರೇಡಿಯೋದಿಂದ ಹಾರಿಸುವ ಮಾದರಿ: ಮೂಲದ ಆರನೇ ಒಂದು ಅಳತೆಯ ಸಾಪ್‌ವಿತ್ ಕ್ಯಾಮಲ್. ರೆಕ್ಕೆಯ ಹರವು 142 ಸೆಂ.ಮೀ., ಉದ್ದ 95 ಸೆಂ.ಮೀ. ಬಾಲ್ಸಾ ಎಂಬ ಹಗುರ ಮರದ ಮತ್ತು ಪ್ಲೈವುಡ್‌ನ ತುಂಡುಗಳನ್ನು ಲೇಸರ್‌ನಲ್ಲಿ ಕತ್ತರಿಸಿ, ಜೊತೆಗೆ ದೊಡ್ಡ ನಕಾಶೆಯೊಂದನ್ನು ಸುರುಳಿ ಸುತ್ತಿ ಕೊಡುವ ಕಿಟ್. ಕಟ್ಟಿದವನು ನನ್ನ ಗೆಳೆಯ. ಹಿಂದೆ ಮೇಲ್ರೆಕ್ಕೆಯ ಟ್ರೈನರ್ (ಕಲಿಯುವವರ ಮಾದರಿ) ಕಟ್ಟಿ ಹಾರಿಸಿದ್ದಾನೆ, ಆಮೇಲೆ ಒಂದು ಕೆಳರೆಕ್ಕೆಯದ್ದನ್ನೂ ಮುಗಿಸಿದ್ದಾನೆ. ಕೈ ಚೊಕ್ಕ. ಅಂಟು ಹೊರಗೆ ಉಕ್ಕಿದ ಒಂದು ಸಂದೂ ಅವನ ಮಾದರಿಯಲ್ಲಿ ಕಾಣುವುದಿಲ್ಲ. ಅಸ್ಥಿಪಂಜರ ಪೂರ್ತಿ ಎದ್ದು ನಿಂತ ಮೇಲೆ ಅವನು ಕೇಳಿದ್ದು ಒಂದೇ ಪ್ರಶ್ನೆ: "ಇನ್ನು ಬಟ್ಟೆ ಹೊದಿಸೋದೊಂದೇ ಬಾಕಿ ಕಣೋ. ಮೂಗಿಗೆ ಎಷ್ಟು ಸೀಸ ಹಾಕಬೇಕು ಅಂತ ಹೇಳು, ಸಾಕು."

ಬಾಲ ಭಾರವಾದ ಮಾದರಿಗೆ ಮೂಗಿನಲ್ಲಿ ಸೀಸ ಇಟ್ಟು ಸಮತೋಲ ತರುವುದು ರೂಢಿ. ಎಷ್ಟು ಎನ್ನುವುದಕ್ಕಿಂತ ಯಾಕೆ ಹಾಕಬೇಕು ಎನ್ನುವುದು ಮೊದಲು ಇತ್ಯರ್ಥವಾಗಬೇಕಿತ್ತು. ಹೊದಿಕೆ ಬಿದ್ದ ಮೇಲೆ ಒಳಗಿನ ಮರಕ್ಕೆ ಕೈ ಹಾಕುವವರು ಕಡಿಮೆ. ಬಟ್ಟೆಯಿಲ್ಲದ ಆ ಸ್ಥಿತಿಯಲ್ಲೇ ತೂಗಿ ನೋಡೋಣ ಎಂದೆ.

ಕ್ಯಾಮಲ್‌ನಲ್ಲಿ ಈ ಪ್ರಶ್ನೆ ಎಲ್ಲರಿಗೂ ಬರುತ್ತದೆ. ಕಾರಣ ಮೂಲ ವಿಮಾನದಲ್ಲೇ ಇದೆ. 1916ರ ಡಿಸೆಂಬರ್‌ನಲ್ಲಿ ಮೊದಲು ಹಾರಿದ ಈ ಬ್ರಿಟಿಷ್ ಯುದ್ಧವಿಮಾನದಲ್ಲಿ ಎಂಜಿನ್, ಬಂದೂಕು, ಇಂಧನ, ಪೈಲಟ್ ಎಲ್ಲವೂ ಮುಂದಿನ ಎರಡು ಮೀಟರ್ ಚಿಲ್ಲರೆಯೊಳಗೆ ಒತ್ತಾಗಿ ಕೂತಿದ್ದವು. 130 ಅಶ್ವಶಕ್ತಿಯ ಕ್ಲರ್ಜೆ ರೋಟರಿ ಎಂಜಿನ್ ಒಂದೇ 170 ಕಿಲೋ ಆಸುಪಾಸು, ಇಡೀ ವಿಮಾನದ ಖಾಲಿ ತೂಕ ಸುಮಾರು 420 ಕಿಲೋ. ಹತ್ತರಲ್ಲಿ ನಾಲ್ಕು ಪಾಲು ತೂಕ ಮೂಗಿನ ತುದಿಯಲ್ಲೇ ಇತ್ತು. ಹಾಗಾಗಿ ವಿನ್ಯಾಸಕಾರರು ಮೂಗನ್ನು ಮೊಂಡಾಗಿಸಿದರು. ಅಷ್ಟು ಭಾರದ ಎಂಜಿನ್ ಇರುವಾಗ ಅದನ್ನು ಮುಂದಕ್ಕೆ ಚಾಚುವ ಅಗತ್ಯವೇ ಇರಲಿಲ್ಲ.

ಮಾದರಿಯಲ್ಲಿ ಮೂಗು ಅಷ್ಟೇ ಮೊಂಡು, ಒಳಗಿನ ಭಾರ ಮಾತ್ರ ಇಲ್ಲ. ಗೆಳೆಯ ಹಾಕಿದ ವಿದ್ಯುತ್ ಮೋಟರ್ 250 ಗ್ರಾಂ. ಬ್ಯಾಟರಿ ಬಿಟ್ಟು ನೋಡಿದರೆ ಮಾದರಿಯ ತೂಕದಲ್ಲಿ ಅದು ಆರನೇ ಒಂದು ಪಾಲು. ಅಳತೆಯನ್ನು ನಿಷ್ಠೆಯಿಂದ ಕುಗ್ಗಿಸಬಹುದು, ತೂಕ ಎಲ್ಲೆಲ್ಲಿ ಕೂರಬೇಕು ಎನ್ನುವುದು ತಾನಾಗಿ ಅದರ ಹಿಂದೆ ಬರುವುದಿಲ್ಲ. ಸ್ಕೇಲ್ ಮಾದರಿಯ ಅರ್ಧ ತಾಪತ್ರಯ ಇಲ್ಲೇ.

ಈ ಪ್ರಕರಣದಲ್ಲಿ ಇನ್ನೊಂದು ಗಂಟೂ ಇತ್ತು. ನಕಾಶೆ ಹಳೆಯದು. ಅದನ್ನು ಬರೆದವರ ಮನಸ್ಸಿನಲ್ಲಿದ್ದದ್ದು 0.70 ಕ್ಯೂಬಿಕ್ ಇಂಚಿನ ನಾಲ್ಕು ಸ್ಟ್ರೋಕಿನ ಗ್ಲೋ ಎಂಜಿನ್ (ಇಂಧನ ಉರಿಸಿ ಓಡುವ ಮಾದರಿ ಎಂಜಿನ್), ಸೈಲೆನ್ಸರ್ ಸೇರಿ 600 ಗ್ರಾಂ ತೂಗುವಂಥದ್ದು. ಕಿಟ್‌ನ ಪೆಟ್ಟಿಗೆಯ ಮೇಲೆ ವಿದ್ಯುತ್ ಮೋಟರ್ ಕೂಡ ಹಾಕಬಹುದು ಎಂದು ಒಂದು ಸಾಲು ಇದೆ. ಹಾಕಬಹುದು, ನಿಜ. ಹಾಕಿದರೆ ಮಿಕ್ಕ 350 ಗ್ರಾಂ ಎಲ್ಲಿಂದ ಬರಬೇಕು ಎಂಬ ಮಾತು ಅಲ್ಲಿಲ್ಲ.

ತೂಗಿದ್ದು ಹೇಗೆ

ಒಂಟಿ ರೆಕ್ಕೆಯ ಮಾದರಿಯನ್ನು ಎರಡು ಬೆರಳ ತುದಿಯಲ್ಲಿ ಎತ್ತಿ ಸಮತೋಲ ನೋಡುವುದು ವಾಡಿಕೆ. ಜೋಡಿ ರೆಕ್ಕೆಯದ್ದಕ್ಕೆ ಅದು ಅಷ್ಟು ಒಗ್ಗುವುದಿಲ್ಲ, ಬೆರಳಿಡಲು ಸರಿಯಾದ ಜಾಗ ಸಿಗುವುದಿಲ್ಲ. ತಕ್ಕಡಿಯ ವಿಧಾನವೇ ಖಚಿತ. ಎರಡು ಚಕ್ರಗಳ ಕೆಳಗೆ ಒಂದೊಂದು ತಕ್ಕಡಿ, ಬಾಲದ ಸ್ಕಿಡ್ (ನೆಲಕ್ಕೆ ಊರುವ ಕೋಲು) ಕೆಳಗೆ ಮೂರನೆಯದು. ಬಾಲದ ತಕ್ಕಡಿಯನ್ನು ಮರದ ತುಂಡುಗಳ ಮೇಲೆ ಎತ್ತರಿಸಿ ಒಡಲು ಹಾರಾಟದ ಸ್ಥಿತಿಯಲ್ಲಿ ಮಟ್ಟಸವಾಗಿ ನಿಲ್ಲುವಂತೆ ಮಾಡಬೇಕು. ಬಾಲ ನೆಲಕ್ಕೆ ಇಳಿದಿರುವಾಗಲೇ ತೂಗಿದರೆ ಉತ್ತರ ತಪ್ಪಾಗುತ್ತದೆ.

ಅದಕ್ಕೂ ಮೊದಲು ಸಮತೋಲದ ಬಿಂದು ಎಲ್ಲಿರಬೇಕು ಎಂಬುದು ಗೊತ್ತಿರಬೇಕು. ಕ್ಯಾಮಲ್‌ನ ಎರಡೂ ರೆಕ್ಕೆಗಳ ಅಗಲ (ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ) ಒಂದೇ, ಈ ಅಳತೆಯಲ್ಲಿ 229 ಮಿ.ಮೀ. ಕೆಳರೆಕ್ಕೆ ಮೇಲಿನದಕ್ಕಿಂತ 76 ಮಿ.ಮೀ. ಹಿಂದೆ ಇದೆ. ಎರಡರ ಮುಂದಿನ ಅಂಚುಗಳ ನಡುಬಿಂದು ಮೇಲ್ರೆಕ್ಕೆಯ ಮುಂದಿನ ಅಂಚಿನಿಂದ 38 ಮಿ.ಮೀ. ಹಿಂದೆ ಬಿತ್ತು. ಅಲ್ಲಿಂದ ಅಗಲದ ಕಾಲು ಭಾಗ, ಅಂದರೆ 57 ಮಿ.ಮೀ. ಹಿಂದಕ್ಕೆ ಹೋದರೆ 95. ಮೊದಲ ಹಾರಾಟಕ್ಕೆ ಇದು ನಿಶ್ಚಿಂತೆಯ ಜಾಗ. ನಕಾಶೆಯ ಗುರುತೂ ಹೆಚ್ಚುಕಡಿಮೆ ಅಲ್ಲೇ ಇತ್ತು. ಆದರೂ ನಕಾಶೆಯ ಗುರುತನ್ನು ಕಣ್ಣುಮುಚ್ಚಿ ನಂಬುವ ಪೈಕಿ ನಾನಲ್ಲ, ಜೋಡಿ ರೆಕ್ಕೆಯ ನಕಾಶೆಗಳಲ್ಲಂತೂ ಅಲ್ಲವೇ ಅಲ್ಲ.

ಬ್ಯಾಟರಿ, ಮೋಟರ್, ಸರ್ವೋ (ಬಾಲ, ರೆಕ್ಕೆಗಳ ಆಡುವ ಭಾಗಗಳನ್ನು ತಿರುಗಿಸುವ ಪುಟ್ಟ ಯಂತ್ರ), ಚಕ್ರ ಎಲ್ಲ ಸೇರಿ, ಬಟ್ಟೆ ಮಾತ್ರ ಇಲ್ಲದೆ, ಒಟ್ಟು ತೂಕ 1,950 ಗ್ರಾಂ. ಚಕ್ರದ ಅಚ್ಚಿನಿಂದ ಸ್ಕಿಡ್‌ವರೆಗೆ 68 ಸೆಂ.ಮೀ., ನಮಗೆ ಬೇಕಾದ ಬಿಂದು ಅಚ್ಚಿನಿಂದ 6 ಸೆಂ.ಮೀ. ಹಿಂದೆ. ಸಮತೋಲ ಸರಿಯಿದ್ದಿದ್ದರೆ ಬಾಲದ ತಕ್ಕಡಿ 172 ಗ್ರಾಂ ತೋರಿಸಬೇಕಿತ್ತು. ತೋರಿಸಿದ್ದು 272. ನೂರು ಗ್ರಾಂ ಜಾಸ್ತಿ, ಅದೂ 68 ಸೆಂ.ಮೀ. ದೂರದಲ್ಲಿ: 6,800 ಗ್ರಾಂ-ಸೆಂ.ಮೀ. ಬಾಗು, ಅಂದರೆ ತೂಕವನ್ನು ದೂರದಿಂದ ಗುಣಿಸಿದ್ದು; ಮುಂದಿನ ಲೆಕ್ಕಗಳೂ ಇದರಲ್ಲೇ. ಬೇರೆ ಮಾತಿನಲ್ಲಿ, ಗುರುತ್ವ ಕೇಂದ್ರ ಮೂರೂವರೆ ಸೆಂ.ಮೀ. ಹಿಂದೆ ಕೂತಿದೆ. ಅಂಥ ವಿಮಾನ ನೆಲ ಬಿಟ್ಟ ಕೂಡಲೇ ಮೂಗೆತ್ತಿ ನಿಂತು ಮಗುಚುತ್ತದೆ, ರೇಡಿಯೋದ ಕಡ್ಡಿ ಎಷ್ಟು ಮುಂದಕ್ಕೆ ಒತ್ತಿದರೂ ಅಷ್ಟೇ.

ಬಟ್ಟೆ, ಬಣ್ಣಗಳ ಭಾರ ಇನ್ನೂ ಸೇರಬೇಕಿತ್ತು. ಒಟ್ಟು 195 ಗ್ರಾಂ ಎಂದು ಅಂದಾಜು ಮಾಡಿದೆವು. ರೆಕ್ಕೆಯ ಪಾಲು ಸಮತೋಲ ಬಿಂದುವಿನ ಹತ್ತಿರವೇ ಬೀಳುವುದರಿಂದ ಅದರ ಚಿಂತೆಯಿಲ್ಲ. ಬಾಲಕ್ಕೆ 20 ಗ್ರಾಂ, ಆ ಬಿಂದುವಿನಿಂದ 60 ಸೆಂ.ಮೀ. ದೂರದಲ್ಲಿ. ಒಡಲಿನ ಹಿಂಭಾಗಕ್ಕೆ 30 ಗ್ರಾಂ, 30 ಸೆಂ.ಮೀ. ದೂರದಲ್ಲಿ. ಇವೆರಡೂ ಸೇರಿ 2,100. ಮೊತ್ತ 8,900. ಸೀಸ ಕೂರಿಸಲು ಸಿಗುವ ಅತಿ ಮುಂದಿನ ಜಾಗ ಕೌಲಿಂಗ್ (ಮೂಗಿನ ಸುತ್ತಲಿನ ಡಬ್ಬಿ) ಒಳಗೆ, 17 ಸೆಂ.ಮೀ. ಮುಂದೆ. ಭಾಗಿಸಿದರೆ 520 ಗ್ರಾಂ.

ಗೆಳೆಯ ಕೇಳಿದ್ದ ಪ್ರಶ್ನೆಗೆ ಉತ್ತರ ಅದು. ಮೋಟರ್‌ನ ಎರಡರಷ್ಟಕ್ಕಿಂತ ಹೆಚ್ಚು ಸತ್ತ ತೂಕವನ್ನು ಮೋಟರ್ ಪಕ್ಕದಲ್ಲೇ ಹೊತ್ತು ಹಾರಬೇಕು.

ಸೀಸ ಹಾಕಿದರೇನಾಗುತ್ತಿತ್ತು

ಹಾರುತ್ತಿತ್ತು. ಇದನ್ನು ಹೇಳಿಬಿಡುವುದು ನ್ಯಾಯ, ಏಕೆಂದರೆ ಮೊದಲ ಮಹಾಯುದ್ಧದ ಮಾದರಿಗಳಲ್ಲಿ ಅರ್ಧ ಕಿಲೋ ಸೀಸ ಹೊತ್ತು ಹಾರುವವು ಬೇಕಾದಷ್ಟಿವೆ. 2,665 ಗ್ರಾಂ ಆದರೂ ಇಂಧನ, ಪೈಲಟ್ ಎಲ್ಲ ಸೇರಿದ ಮೂಲದ ತೂಕವನ್ನು ಘನದ ಲೆಕ್ಕದಲ್ಲಿ ಕುಗ್ಗಿಸಿದಾಗ ಬರುವ 3 ಕಿಲೋಗಿಂತ ಕಡಿಮೆಯೇ. ರೆಕ್ಕೆಯ ವಿಸ್ತೀರ್ಣ ಸುಮಾರು 60 ಚದರ ಡೆಸಿಮೀಟರ್, ಒಂದೊಂದು ಚದರ ಡೆಸಿಮೀಟರ್ ಮೇಲೆ 45 ಗ್ರಾಂ. ಅತಿ ಎನ್ನುವಂತಿಲ್ಲ. ಗಾಳಿಯಲ್ಲಿ ನಿಲ್ಲುವ ಕನಿಷ್ಠ ವೇಗ ಗಂಟೆಗೆ 29 ಕಿ.ಮೀ. ಹತ್ತಿರ.

ತೊಂದರೆ ಇರುವುದು ಇಳಿಯುವಾಗ. ಕ್ಯಾಮಲ್‌ನ ಚಕ್ರಗಳು ಹತ್ತಿರ ಹತ್ತಿರ, ಮೂಗು ಗಿಡ್ಡ, ಹುಲ್ಲಿನಲ್ಲಿ ಮುಗ್ಗರಿಸುವುದು ಅದರ ಹುಟ್ಟುಗುಣ. ತೂಕ ಇಳಿದರೆ ಕನಿಷ್ಠ ವೇಗವೂ ಇಳಿಯುತ್ತದೆ, ಆದರೆ ವರ್ಗಮೂಲದ ಲೆಕ್ಕದಲ್ಲಿ, ನಿಧಾನವಾಗಿ. ನೆಲಕ್ಕೆ ತಾಗುವಾಗಿನ ಚಲನಶಕ್ತಿ ಮಾತ್ರ ತೂಕದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಐದರಲ್ಲಿ ಒಂದು ಪಾಲು ತೂಕ ತೆಗೆದರೆ, ಇಳಿಯುವಾಗ ಚಕ್ರದ ಕಾಲಿನ ತಂತಿಗೂ ಆಸರೆಯ ಕಂಬಗಳಾದ ಸ್ಟ್ರಟ್‌ಗಳಿಗೂ ಬೀಳುವ ಏಟಿನ ಮೂರನೇ ಒಂದರಷ್ಟು ಮಾಯ. ಮೂಗಿನ ಮೇಲೆ ಬಿದ್ದಾಗ ಅರ್ಧ ಕಿಲೋ ಸೀಸ ಫೈರ್‌ವಾಲನ್ನು, ಅಂದರೆ ಮೋಟರ್ ಹಿಂದಿನ ಗೋಡೆಯನ್ನು, ಕಿತ್ತುಕೊಂಡು ಮುಂದಕ್ಕೆ ಹೋಗುವುದನ್ನು ನೋಡಿದವರಿಗೆ ಈ ಸೂತ್ರ ಬೇಕಾಗಿಲ್ಲ.

ಗೆಳೆಯನ ವಾದವೂ ಪೂರ್ತಿ ತಳ್ಳಿಹಾಕುವಂಥದ್ದಲ್ಲ. ಕಟ್ಟಿ ಮುಗಿದ ಬಾಲವನ್ನು ಒಡೆಯಬೇಕಲ್ಲ ಎಂಬುದು ಅವನ ಸಂಕಟ. ನನ್ನ ಮಾತು ಇಷ್ಟೇ ಇತ್ತು: ಬಾಲದಲ್ಲಿ ಒಂದು ಗ್ರಾಂ ತೆಗೆದರೆ ಮೂಗಿನಲ್ಲಿ ಮೂರೂವರೆ ಗ್ರಾಂ ಉಳಿಯುತ್ತದೆ. ಒಟ್ಟಿನಲ್ಲಿ ನಾಲ್ಕೂವರೆ. ಇಂಥ ಬಡ್ಡಿ ಬೇರೆಲ್ಲೂ ಸಿಗುವುದಿಲ್ಲ.

ಬಾಲ

ಬಾಲದ ತುಂಡುಗಳನ್ನು ಕಿಟ್‌ನವರು 6 ಮಿ.ಮೀ. ದಪ್ಪದ ಇಡೀ ಬಾಲ್ಸಾ ಹಲಗೆಯಿಂದ ಕತ್ತರಿಸಿದ್ದರು. ಅಡ್ಡ ಮಲಗಿದ ಟೈಲ್‌ಪ್ಲೇನ್, ಅದರ ಹಿಂದೆ ಮೇಲೆ ಕೆಳಗೆ ಆಡುವ ಎಲಿವೇಟರ್, ನೆಟ್ಟಗೆ ನಿಂತ ಫಿನ್, ಅದರ ಹಿಂದೆ ಎಡಬಲಕ್ಕೆ ತಿರುಗುವ ರಡ್ಡರ್, ನಾಲ್ಕೂ ಸೇರಿ 95 ಗ್ರಾಂ. ವಿಸ್ತೀರ್ಣ 830 ಚದರ ಸೆಂ.ಮೀ. ಇರುವುದರಿಂದ ಮರದ ಗಾತ್ರ ಸುಮಾರು 500 ಘನ ಸೆಂ.ಮೀ. ಅಂದರೆ ಘನ ಸೆಂ.ಮೀ.ಗೆ 0.19 ಗ್ರಾಂ. ಬಾಲ್ಸಾ ಎಂದರೆ ಹಗುರ ಎಂದು ನಂಬಿ ಕೂರುವವರು ಇಲ್ಲೇ ಮೋಸ ಹೋಗುವುದು. ಒಂದೇ ಜಾತಿಯ ಮರದಿಂದ ಘನ ಸೆಂ.ಮೀ.ಗೆ 0.1 ಗ್ರಾಂನ ಹಲಗೆಯೂ ಬರುತ್ತದೆ, ಅದರ ಎರಡರಷ್ಟು ಭಾರದ್ದೂ ಬರುತ್ತದೆ. ನೋಡಲು ಎರಡೂ ಒಂದೇ ತರ. ಭಾರದ ಹಲಗೆ ಕೆಟ್ಟದ್ದೇನಲ್ಲ, ರೆಕ್ಕೆಯ ಉದ್ದಕ್ಕೂ ಹೋಗುವ ತೊಲೆಗೆ, ಸ್ಪಾರ್‌ಗೆ, ಅದೇ ಬೇಕು. ಬಾಲಕ್ಕೆ ಬೇಡ, ಅಷ್ಟೆ. ಕಿಟ್ ಪೆಟ್ಟಿಗೆ ಬಿಚ್ಚಿದ ದಿನವೇ ಪ್ರತಿ ಹಲಗೆಯನ್ನೂ ತೂಗಿ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದಿಡುವ ಅಭ್ಯಾಸವಿದ್ದವರು ಇದನ್ನು ಕತ್ತರಿ ಹಾಕುವ ಮೊದಲೇ ಹಿಡಿಯುತ್ತಾರೆ.

ಹಳೆಯ ತುಂಡುಗಳಿಗೆ ರಂಧ್ರ ಕೊರೆದು ಹಗುರಗೊಳಿಸುವುದು ಮೊದಲು ಹೊಳೆದ ದಾರಿ. ಬೇಡವೆಂದೆ. ಭಾರದ ಮರಕ್ಕೆ ತೂತು ಕೊರೆದರೆ ತೂಕ ಸ್ವಲ್ಪ ಇಳಿಯುತ್ತದೆ, ತಿರುಚುವಿಕೆ ತಡೆಯುವ ಬಲ ಬಹಳ ಇಳಿಯುತ್ತದೆ. ಮೇಲೆ ಬಟ್ಟೆ ಬಿಗಿದಾಗ ಎಲಿವೇಟರ್ ಸೊಟ್ಟಗಾದರೆ ಮಾಡಿದ್ದೆಲ್ಲ ದಂಡ.

ಹೊಸದಾಗಿಯೇ ಕಟ್ಟಲು ತೀರ್ಮಾನವಾಯಿತು. ಬಾಲದ ದುಂಡು ಹೊರಅಂಚುಗಳಿಗೆ ಒಂದೂವರೆ ಮಿ.ಮೀ. ದಪ್ಪದ ಬಾಲ್ಸಾ ಪಟ್ಟಿಗಳನ್ನು ನೀರಿನಲ್ಲಿ ನೆನೆಸಿ, ಮಧ್ಯೆ ಮರದಂಟು ಸವರಿ, ರಟ್ಟಿನ ಅಚ್ಚಿನ ಸುತ್ತ ಮೂರು ಪದರ ಬಗ್ಗಿಸಿ ಪಿನ್ ಚುಚ್ಚಿ ಒಣಗಲು ಬಿಟ್ಟೆವು. ಒಣಗಿದ ಮೇಲೆ ಅದು ಬಿಲ್ಲಿನ ಹಾಗೆ ಗಟ್ಟಿ, ಹಲಗೆಯಿಂದ ಕತ್ತರಿಸಿದ ದುಂಡಿನಂತೆ ಎಳೆ ಅಡ್ಡ ಬಂದಲ್ಲಿ ಮುರಿಯುವುದಿಲ್ಲ. ಒಳಗೆ ಹಗುರ ಮರದ ರಿಬ್‌ಗಳು (ಅಡ್ಡಪಟ್ಟಿಗಳು), ಹಿಂಜ್ ಮತ್ತು ಕಂಟ್ರೋಲ್ ಹಾರ್ನ್ (ಎಳೆದು ಆಡಿಸಲು ಇರುವ ಚಿಕ್ಕ ತೋಳು) ಕೂರುವಲ್ಲಿ ಮಾತ್ರ ಗಟ್ಟಿ ತುಂಡು. ಈ ಅಳತೆಯಲ್ಲಿ ಬಾಲಕ್ಕೆ ಕ್ಷಣದಲ್ಲಿ ಹಿಡಿಯುವ ಸಯನೋ ಅಂಟಿಗಿಂತ ಮರದಂಟೇ ನನಗಿಷ್ಟ. ಒಣಗಲು ಹೊತ್ತು ಬೇಕು, ಆದರೆ ಸಂದು ಗಾಜಿನಂತೆ ಪೆಡಸಾಗುವುದಿಲ್ಲ, ಸ್ಯಾಂಡ್‌ಪೇಪರ್ ತಿಕ್ಕುವಾಗ ಅಂಟಿನ ಗೆರೆ ಉಬ್ಬಿ ನಿಲ್ಲುವುದೂ ಇಲ್ಲ. ಹೊಸ ಬಾಲ 50 ಗ್ರಾಂ. ಉಳಿದ 45 ಗ್ರಾಂ 60 ಸೆಂ.ಮೀ. ದೂರದಲ್ಲಿ 2,700ಕ್ಕೆ ಸಮ. ಬೇಕಿದ್ದ ಒಟ್ಟು ಲೆಕ್ಕದಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಪಾಲು ಇಲ್ಲೇ ತೀರಿತು.

ಅದಲ್ಲದೆ ಈಗ ಬಟ್ಟೆಯ ಕೆಳಗಿಂದ ರಿಬ್‌ಗಳ ಸಾಲು ಕಾಣುತ್ತದೆ, ಮೂಲ ವಿಮಾನದಲ್ಲಿ ಇದ್ದ ಹಾಗೆಯೇ. ಹಗುರವಾಗಿ ಕಟ್ಟುವುದೂ ಮೂಲಕ್ಕೆ ನಿಷ್ಠವಾಗಿ ಕಟ್ಟುವುದೂ ಒಂದೇ ದಿಕ್ಕಿಗೆ ಎಳೆಯುವ ಜಾಗಗಳು ಸ್ಕೇಲ್ ಮಾದರಿಯಲ್ಲಿ ನಾವಂದುಕೊಂಡದ್ದಕ್ಕಿಂತ ಹೆಚ್ಚು. ಇನ್ನೊಂದು ಉದಾಹರಣೆ ಬಾಲಕ್ಕೆ ಹೋಗುವ ಕಂಟ್ರೋಲ್. ನಕಾಶೆಯಲ್ಲಿ ಒಡಲೊಳಗೆ ಎರಡು ಮರದ ಕೋಲು, ತುದಿಗೆ ಉಕ್ಕಿನ ತಂತಿ, ಒಟ್ಟು 50 ಗ್ರಾಂ. ಮೂಲ ಕ್ಯಾಮಲ್‌ನ ಬಾಲವನ್ನು ಆಡಿಸುತ್ತಿದ್ದದ್ದು ಕೇಬಲ್‌ಗಳು. ಪ್ಲಾಸ್ಟಿಕ್ ಲೇಪದ ತೆಳು ಉಕ್ಕಿನ ಹುರಿಯನ್ನು ಜೋಡಿಯಾಗಿ ಎಳೆದು ಕಟ್ಟಿದೆವು, ಒಂದು ಎಳೆದರೆ ಇನ್ನೊಂದು ಬಿಡುವಂತೆ. ಹತ್ತೇ ಗ್ರಾಂ. 40 ಗ್ರಾಂ ಉಳಿತಾಯ, 30 ಸೆಂ.ಮೀ. ದೂರದಲ್ಲಿ, 1,200. ಇದರಲ್ಲಿ ಗಮನಿಸಬೇಕಾದ್ದು ಒಂದೇ: ಸರ್ವೋ ತೋಳಿನ ತೂತುಗಳ ಅಂತರವೂ ಹಾರ್ನ್‌ನ ಅಂತರವೂ ಸಮನಾಗಿರಬೇಕು. ಇಲ್ಲದಿದ್ದರೆ ರಡ್ಡರ್ ಪೂರ್ತಿ ತಿರುಗಿದಾಗ ಒಂದು ಹುರಿ ಸಡಿಲ ಬಿದ್ದು ಇನ್ನೊಂದು ಸರ್ವೋವನ್ನು ಹಿಂಡುತ್ತದೆ.

ಸರ್ವೋಗಳನ್ನೇ ಚಿಕ್ಕವಕ್ಕೆ ಬದಲಾಯಿಸಿ ಮುಂದೆ ತರಬಹುದಿತ್ತು. ಗೆಳೆಯನಿಗೆ ಆ ಆಸೆಯೂ ಇತ್ತು. ಎಲಿವೇಟರ್ ಸರ್ವೋ ಕೈಕೊಟ್ಟರೆ ವಿಮಾನವೇ ಇಲ್ಲ. ಅಲ್ಲಿ ಇಪ್ಪತ್ತು ಗ್ರಾಂಗೆ ಚೌಕಾಸಿ ಬೇಡವೆಂದು ಇದ್ದವನ್ನು ಇದ್ದಲ್ಲೇ ಬಿಟ್ಟೆವು.

ಮೂಗು

ಬ್ಯಾಟರಿ ಇದ್ದದ್ದು ನಕಾಶೆಯ ಇಂಧನ ಟ್ಯಾಂಕಿನ ಜಾಗದಲ್ಲಿ, ಫೈರ್‌ವಾಲ್ ಹಿಂದೆ. ನಾಲ್ಕು ಸೆಲ್‌ನ 4,000 ಎಂಎಎಚ್, 420 ಗ್ರಾಂ, ಉದ್ದ 14 ಸೆಂ.ಮೀ. ಅಷ್ಟು ಉದ್ದದ ವಸ್ತುವಿನ ಮುಂತುದಿ ಫೈರ್‌ವಾಲ್‌ಗೆ ತಾಗಿದ್ದರೂ ಅದರ ನಡುಬಿಂದು ಸಮತೋಲ ಬಿಂದುವಿನಿಂದ ಕೇವಲ 3 ಸೆಂ.ಮೀ. ಮುಂದೆ. ಇಡೀ ವಿಮಾನದಲ್ಲಿ ಅತಿ ಭಾರದ ಒಂದೇ ವಸ್ತು ಸಮತೋಲಕ್ಕೆ ಉಪಯೋಗವಿಲ್ಲದ ಜಾಗದಲ್ಲಿ ಕೂತಿತ್ತು.

ಕೌಲಿಂಗ್ ಮಾತ್ರ ಖಾಲಿ. ಮೂಲದ ರೋಟರಿ ಎಂಜಿನ್‌ನ ಸುತ್ತಳತೆಗೆ ಮಾಡಿದ ಆ ಡಬ್ಬಿಯ ಒಳವ್ಯಾಸ 17 ಸೆಂ.ಮೀ., ನಡುವೆ ನಾಲ್ಕು ಸೆಂ.ಮೀ. ದಪ್ಪದ ಮೋಟರ್ ಒಂಟಿಯಾಗಿ ನಿಂತಿದೆ. 14 ಸೆಂ.ಮೀ. ಬ್ಯಾಟರಿ ಅಲ್ಲಿ ಅಡ್ಡಡ್ಡ ಕೂರಲು ದುಂಡು ಗೋಡೆ ಬಿಡುವುದಿಲ್ಲ. ಅದನ್ನು ಬಿಟ್ಟು ಹತ್ತೂವರೆ ಸೆಂ.ಮೀ. ಉದ್ದದ 2,200 ಎಂಎಎಚ್‌ನ ಎರಡು ಬ್ಯಾಟರಿ ತೆಗೆದುಕೊಂಡರೆ ಒಂದು ಮೇಲೆ, ಒಂದು ಕೆಳಗೆ ಸಲೀಸಾಗಿ ಕೂರುತ್ತವೆ. ಎರಡೂ ಸೇರಿ 460 ಗ್ರಾಂ, 13 ಸೆಂ.ಮೀ. ಮುಂದೆ. ಹಳೆಯ ಜಾಗದ ಲೆಕ್ಕ ಕಳೆದರೆ 4,720 ಲಾಭ. ಮೋಟರ್ ಕೂರಿಸುವ ಪ್ಲೈವುಡ್ ಪೆಟ್ಟಿಗೆಯನ್ನು ಉದ್ದ ಮಾಡಿ, ಅದಕ್ಕೆ ಮೇಲೂ ಕೆಳಗೂ ತಟ್ಟೆ ಅಂಟಿಸಿದ್ದರಿಂದ 35 ಗ್ರಾಂ ಹೆಚ್ಚಾಯಿತು. ಅದೂ ಮೂಗಿನಲ್ಲೇ ಬಿದ್ದ ತೂಕ, ಸುಮಾರು 490. ಪೆಟ್ಟಿಗೆಯ ಮೂಲೆಗಳಿಗೆ ಮರದ ತ್ರಿಕೋನ ಪಟ್ಟಿ, ಎಪಾಕ್ಸಿ ಅಂಟು. ಇಲ್ಲಿ ಮರದಂಟಿನ ನನ್ನ ಪ್ರೀತಿ ಕೆಲಸಕ್ಕೆ ಬಾರದು.

ಎರಡು ಬ್ಯಾಟರಿಗಳನ್ನು ಸಮಾನಾಂತರವಾಗಿ ಜೋಡಿಸುವಾಗ ಎರಡರ ವೋಲ್ಟೇಜೂ ಒಂದೇ ಇರಬೇಕು. ಒಂದು ತುಂಬಿದ್ದು, ಇನ್ನೊಂದು ಖಾಲಿಯಾದದ್ದು ಜೋಡಿಸಿದರೆ ಒಂದರಿಂದ ಇನ್ನೊಂದಕ್ಕೆ ತಡೆಯಿಲ್ಲದೆ ಕರೆಂಟು ನುಗ್ಗುತ್ತದೆ. ಲಿಥಿಯಂ ಪಾಲಿಮರ್ ಅದನ್ನು ಸಹಿಸುವುದಿಲ್ಲ, ಬೆಂಕಿಯ ಮಾತು ಇದು. ಗೆಳೆಯ ಎರಡಕ್ಕೂ ಒಂದೇ ಸಂಖ್ಯೆ ಬರೆದು ಯಾವಾಗಲೂ ಜೋಡಿಯಾಗಿಯೇ ಚಾರ್ಜ್ ಮಾಡುತ್ತಾನೆ.

ಕೊನೆಗೆ ಅಲಂಕಾರ. ಒಂಬತ್ತು ಸಿಲಿಂಡರಿನ ತೋರಿಕೆಯ ಎಂಜಿನ್ ಮಾಡಿದ್ದು ದಾರ ಸುತ್ತಿದ ಪ್ಲಾಸ್ಟಿಕ್ ಕೊಳವೆಗಳಿಂದ, 40 ಗ್ರಾಂ. ಬೇರೆ ಮಾದರಿಯಲ್ಲಾದರೆ ಇಂಥ ತೂಕಕ್ಕೆ ಮುಖ ಸಿಂಡರಿಸುತ್ತಿದ್ದೆ. ಇಲ್ಲಿ ಅದು 560ರ ಪುಕ್ಕಟೆ ಸೀಸ.

ಕೂಡಿದರೆ 9,670. ಬೇಕಿದ್ದದ್ದು 8,900. ಕಾಗದದ ಮೇಲೆ ಮೂಗು ಮೂರೂವರೆ ಮಿ.ಮೀ.ನಷ್ಟು ಭಾರ.

ಆಮೇಲೆ

ಹೊದಿಕೆಗೆ ಇಸ್ತ್ರಿ ಶಾಖಕ್ಕೆ ಬಿಗಿಯುವ ಬಟ್ಟೆ ಬಳಸಿದ. ಬಣ್ಣ ಬಾಲದಲ್ಲಿ ಅಂದಾಜಿಗಿಂತ ಸ್ವಲ್ಪ ದಪ್ಪ ಕೂತಿತು. ಎಲ್ಲ ಮುಗಿದ ಮೇಲಿನ ತೂಕ 2,190 ಗ್ರಾಂ, ಸಮತೋಲ 94 ಮಿ.ಮೀ.ಗೆ. ಸೀಸ ಒಂದು ಗ್ರಾಂ ಕೂಡ ಇಲ್ಲ. ಮೇಲ್ರೆಕ್ಕೆ ನೇರ, ಕೆಳರೆಕ್ಕೆ ಮಾತ್ರ ಮೇಲ್ಮುಖವಾಗಿ ಬಾಗಿರುವುದು ಕ್ಯಾಮಲ್‌ನ ಗುರುತು. ಸ್ಟ್ರಟ್‌ಗಳನ್ನು ಕೂರಿಸುವಾಗ ಎರಡು ರೆಕ್ಕೆಗಳ ಕೋನವನ್ನು ನಾಲ್ಕು ಕಡೆ ಅಳೆದು, ಎಡಗಡೆ ಅರ್ಧ ಡಿಗ್ರಿ ಓರೆ ಕಂಡದ್ದನ್ನು ಸ್ಟ್ರಟ್ ಕೆಳಗೆ ಪ್ಲೈ ಚೂರು ಕೊಟ್ಟು ಸರಿಪಡಿಸಲಾಯಿತು.

ಮೊದಲ ಹಾರಾಟದಲ್ಲಿ ಗೆಳೆಯನಿಗಿದ್ದ ಭಯ ಪುಸ್ತಕದ್ದು. ರೋಟರಿಯಲ್ಲಿ ಪ್ರೊಪೆಲ್ಲರ್ ಜೊತೆ ಇಡೀ ಎಂಜಿನ್ ಸುತ್ತುತ್ತಿತ್ತು. ಆ ಗೈರೊ ಪರಿಣಾಮದಿಂದ ಮೂಲ ಕ್ಯಾಮಲ್ ಬಲಕ್ಕೆ ತಿರುಗುವಾಗ ಮೂಗು ಇಳಿಸುತ್ತಿತ್ತು, ಎಡಕ್ಕೆ ತಿರುಗುವಾಗ ಎತ್ತುತ್ತಿತ್ತು. ಮಾದರಿಯ ಮೋಟರ್‌ನಲ್ಲಿ ಸುತ್ತುವ ಭಾಗ ಅಂಗೈಯಲ್ಲಿ ಹಿಡಿಸುತ್ತದೆ. ಅಂಥದ್ದೇನೂ ಆಗಲಿಲ್ಲ. ಕಾಡಿದ್ದು ಬೇರೆ. ಥ್ರಾಟಲ್ ಏರಿಸಿದರೆ ಮೂಗು ಏರುತ್ತದೆ, ಇಳಿಸಿದರೆ ಇಳಿಯುತ್ತದೆ. ಇದನ್ನು ನೋಡಿ ಬಾಲ ಇನ್ನೂ ಭಾರವೆಂದು ಗೆಳೆಯ ಮತ್ತೆ ಸೀಸದ ಮಾತೆತ್ತಿದ. ಎರಡನ್ನೂ ಬೇರ್ಪಡಿಸುವ ಪರೀಕ್ಷೆ ಸುಲಭ: ಎತ್ತರಕ್ಕೆ ಹೋಗಿ, ಕಡ್ಡಿ ಮುಟ್ಟದೆಯೇ ಮಟ್ಟಸ ಹಾರುವಂತೆ ಟ್ರಿಮ್ ಮಾಡಿ, ಮೋಟರ್ ನಿಲ್ಲಿಸಿ ಇಳಿಜಾರಿಗೆ ಬಿಟ್ಟು ಕಡ್ಡಿಯಿಂದ ಕೈ ತೆಗೆಯುವುದು. ತಾನಾಗಿ ಗಟ್ಟಿಯಾಗಿ ಮೇಲೆದ್ದರೆ ಮೂಗು ಭಾರ, ಇನ್ನಷ್ಟು ಕೆಳಗೆ ಮಡಚಿದರೆ ಬಾಲ ಭಾರ. ಇದು ಮೇಲೆದ್ದಿತು, ಸ್ವಲ್ಪ ಜೋರಾಗಿಯೇ. ಸಮತೋಲದ ದೋಷವಲ್ಲ, ಎಳೆತದ ಗೆರೆಯದ್ದು, ಅಂದರೆ ಪ್ರೊಪೆಲ್ಲರ್ ಎಳೆಯುವ ದಿಕ್ಕಿನದ್ದು. ಮೋಟರಿನ ಮೇಲಿನ ತಿರುಪುಗಳ ಹಿಂದೆ ವಾಷರ್ ಇಟ್ಟು ಎರಡು ಡಿಗ್ರಿ ಕೆಳಮುಖ ಮಾಡಿದ ಮೇಲೆ ಆ ಚಾಳಿ ಬಹುಪಾಲು ನಿಂತಿತು.

ಉಳಿದ ಮೂಗುಭಾರಕ್ಕೆ ಮದ್ದು ಪೈಲಟ್ ಗೊಂಬೆ. ಕಾಕ್‌ಪಿಟ್ ಇರುವುದು ಸಮತೋಲ ಬಿಂದುವಿನಿಂದ 12 ಸೆಂ.ಮೀ. ಹಿಂದೆ. ಬರೀ ತಲೆ ಇಡಬೇಕೆಂದಿದ್ದವನು ಈಗ ಧೈರ್ಯವಾಗಿ ಎದೆಯವರೆಗಿನ 60 ಗ್ರಾಂ ಗೊಂಬೆ ಕೂರಿಸಿದ. ಬಿಂದು 97ಕ್ಕೆ ಸರಿಯಿತು, ಎಲಿವೇಟರ್ ಹದವಾಯಿತು.

ಬಗೆಹರಿಯದೆ ಉಳಿದದ್ದು ಬ್ಯಾಟರಿ ಬದಲಾಯಿಸುವ ಕಷ್ಟ. ಪ್ರತಿ ಸಲವೂ ಪ್ರೊಪೆಲ್ಲರ್ ಬಿಚ್ಚಿ, ಕೌಲಿಂಗ್‌ನ ನಾಲ್ಕು ತಿರುಪು ತೆಗೆಯಬೇಕು. ಅಯಸ್ಕಾಂತ ಹಾಕಿ ನೋಡಿದ, ಮೋಟರ್ ಪೂರ್ತಿ ವೇಗದಲ್ಲಿ ಅದುರುವಾಗ ಕೌಲಿಂಗ್ ತಿರುಗಿಕೊಳ್ಳುತ್ತದೆ. ಕೌಲಿಂಗ್ ತಳದಲ್ಲಿ ಬಾಗಿಲು ಕತ್ತರಿಸಿದರೆ ಕೆಳಗಿನ ಬ್ಯಾಟರಿ ಸಿಗುತ್ತದೆ, ಮೇಲಿನದು ಸಿಗುವುದಿಲ್ಲ. ಸದ್ಯಕ್ಕೆ ಅಯಸ್ಕಾಂತದ ಜೊತೆ ಕೌಲಿಂಗ್ ತಿರುಗದಂತೆ ಎರಡು ಪ್ಲೈವುಡ್ ಗೂಟ ಸೇರಿಸುವ ಯೋಚನೆಯಲ್ಲಿದ್ದಾನೆ, ಪ್ರೊಪೆಲ್ಲರ್ ಬಿಚ್ಚುವುದು ಹೇಗೂ ತಪ್ಪಿದ್ದಲ್ಲ.